ಉರಿಯೂತದ ಚಿತ್ರ: ಒಂದು ವಿಮರ್ಶೆ

ಶ್ವಾಸನಾಳದೊಳಕ್ಕೆ ಯಾವ ಉಪಕರಣವನ್ನೂ ತೂರಿಸದೆ, ಹೊರಗಿನಿಂದಲೇ ಚಿತ್ರ ತೆಗೆದು, ಅಲರ್ಜಿಯ ಆಸ್ತಮಾದಲ್ಲಿನ ಉರಿಯೂತವನ್ನು ಕಾಣಬಹುದೆಂಬ ಮಾತು ಈಚೆಗೆ ವೈದ್ಯಶಾಸ್ತ್ರದಲ್ಲಿ ಕೇಳಿಬರುತ್ತಿದೆ. ಆ ಚಿತ್ರಗಳಲ್ಲಿ ಕಾಣುವುದು ನಿಜವಾಗಿ ಉರಿಯೂತವೇ ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ನಮ್ಮ ಆಡುನುಡಿಯ ‘ಉಬ್ಬಸ’, ‘ಗೂರಲು’ ಎಂಬ ಹೆಸರುಗಳು ರೋಗಿಯ ಉಸಿರಾಟದ ಕಷ್ಟವನ್ನು ಹೇಳುತ್ತವೆಯೇ ಹೊರತು ರೋಗದ ಮೂಲವನ್ನಲ್ಲ. ‘ಉರಿಯೂತ’ವೆಂಬ ಪದವಾದರೋ ಉರಿ, ಊತ ಎಂಬ ಎರಡು ಅಂಶಗಳನ್ನು ಕೂಡಿಸಿಕೊಂಡಿದೆ. ಇಯೋಸಿನೊಫಿಲ್ ಮೊದಲಾದ ಕಣಗಳು ನಾಳದ ಗೋಡೆಯಲ್ಲಿ ಸೇರಿ ಕೆರಳುವುದು ಉರಿ. ಗೋಡೆ ದಪ್ಪವಾಗುವುದು ಊತ. ಈ ಭೇದವೇ ನಮ್ಮ ವಿಮರ್ಶೆಯ ಅಳತೆಗೋಲು.

ಸಿ.ಟಿ. ಚಿತ್ರವು ಗೋಡೆಯ ದಪ್ಪವನ್ನೂ ಲೋಳೆ ಕಟ್ಟಿದ ನಾಳಗಳನ್ನೂ ತೋರಿಸುತ್ತದೆ. ಆದರೆ ಬಹುಕಾಲದ ರೋಗದಲ್ಲಿ ಉರಿ ಆರಿದ ಮೇಲೂ ದಪ್ಪ ಉಳಿಯಬಹುದು. ಅಮೆರಿಕದಲ್ಲಿ 2022ರಲ್ಲಿ ಅನುಮತಿ ಪಡೆದ ಜೆನಾನ್-129 ಅನಿಲದ ಎಂ.ಆರ್.ಐ. ಗಾಳಿ ಸೇರದ ಭಾಗಗಳನ್ನು ತೋರಿಸುತ್ತದೆ. ಅಡ್ಡಿ ಊತದಿಂದಲೋ, ಸ್ನಾಯುವಿನ ಬಿಗಿತದಿಂದಲೋ, ಲೋಳೆಯಿಂದಲೋ ಎಂಬುದನ್ನು ತಾನಾಗಿ ಹೇಳದು. ಈ ಮೂರರಲ್ಲಿ ಪೆಟ್ ಚಿತ್ರವೇ, ಕಣಗಳು ಗ್ಲೂಕೋಸನ್ನು ಹೀರುವುದನ್ನು ಹಿಡಿದು, ಉರಿಯ ಸಮೀಪಕ್ಕೆ ಬರುತ್ತದೆ. ಆದರೂ ಹೀರಿದ ಕಣ ಯಾವ ಜಾತಿಯದೆಂಬುದು ಅದರಿಂದ ತಿಳಿಯದು. ಮೇಲಾಗಿ ವಿಕಿರಣದ ಹೊರೆಯುಂಟು.

ಚಿತ್ರವೇ ಅಲ್ಲದ ಪರೀಕ್ಷೆಯೊಂದು ಇಲ್ಲಿ ಹೆಚ್ಚು ಉಪಯುಕ್ತವೆಂದು ತೋರುತ್ತದೆ. ಆಸ್ತಮಾ ರೋಗಿಗಳ ನಿಶ್ವಾಸದಲ್ಲಿ ನೈಟ್ರಿಕ್ ಆಕ್ಸೈಡ್ ಹೆಚ್ಚಾಗಿರುವುದನ್ನು ಸ್ವೀಡನ್ನಿನ ವಿಜ್ಞಾನಿಗಳು 1993ರಲ್ಲಿ ಪ್ರಕಟಿಸಿದರು. ಅಮೆರಿಕದ ಎದೆರೋಗ ತಜ್ಞರ ಸಂಘದ 2011ರ ಸೂಚನೆಯಂತೆ, ವಯಸ್ಕರಲ್ಲಿ ಅದು ಶತಕೋಟಿಗೆ 50 ಭಾಗವನ್ನು ಮೀರಿದರೆ ಇಯೋಸಿನೊಫಿಲ್ ಉರಿಯೂತ ಸಂಭಾವ್ಯ. ಉರಿ ಎಲ್ಲಿದೆಯೆಂಬುದನ್ನು ಇದು ತೋರಿಸದು. ಇದೆಯೇ ಎಂಬುದನ್ನು ಸೂಚಿಸೀತು.

ಇದು ಬರಿಯ ಪದಚರ್ಚೆಯಲ್ಲ. ಬೆಂಗಳೂರಿನ 18 ವರ್ಷದೊಳಗಿನ 20,000 ಮಕ್ಕಳನ್ನು ಕುರಿತ ಡಾ. ಎಚ್. ಪರಮೇಶ್ ಅವರ ಅಧ್ಯಯನದಲ್ಲಿ ಆಸ್ತಮಾದ ಪ್ರಮಾಣ 1979ರಲ್ಲಿ ಶೇಕಡ 9 ಇದ್ದುದು 1999ರಲ್ಲಿ 29.5ಕ್ಕೆ ಏರಿತ್ತು. ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿಯೋ, ಮೈಸೂರು ರಸ್ತೆಯ ಹೊಗೆಗೆ ಸಮೀಪದ ಕೆಂಗೇರಿಯಲ್ಲಿಯೋ ಬೆಳೆಯುವ ಮಗುವಿನ ನಾಳವನ್ನು ಹಿಗ್ಗಿಸುವ ಔಷಧ ಬೇರೆ, ಉರಿಯನ್ನು ತಣಿಸುವ, ಸೇದುವ ಸ್ಟೀರಾಯ್ಡ್ ಬೇರೆ. ಚಿತ್ರ ನಿರ್ಮಲವಾಗಿದೆಯೆಂದು ತಾಯಿತಂದೆಗಳು ಎರಡನೆಯದನ್ನು ನಿಲ್ಲಿಸಿದರೆ, ಆರದ ಉರಿ ಮತ್ತೊಂದು ರಾತ್ರಿ ಉಬ್ಬಸವಾಗಿ ಎದ್ದೀತು. ಆದಕಾರಣ ಪ್ರತಿಯೊಂದು ಚಿತ್ರವನ್ನೂ ಅದು ತೋರಿಸುವ ವಸ್ತುವಿನ ಹೆಸರಿನಿಂದಲೇ ಕರೆಯುವುದು ಯುಕ್ತ: ಊತದ ಚಿತ್ರ, ಗಾಳಿಯ ಚಿತ್ರ, ಗ್ಲೂಕೋಸಿನ ಚಿತ್ರ. ಉರಿಯೂತವೆಂಬುದು ಇವುಗಳಿಂದಲೂ ರೋಗಿಯ ಲಕ್ಷಣಗಳಿಂದಲೂ ವೈದ್ಯನು ಮಾಡುವ ಅನುಮಾನ.