ಮಂಡಿಯ ಕೋನ ಅಳೆಯುವ ಪಟ್ಟಿ

ಫಿಸಿಯೋಥೆರಪಿಯ ಹೊರರೋಗಿ ವಿಭಾಗದಲ್ಲಿ ನನಗೆ ಅತಿ ಹೆಚ್ಚು ಗೌರವವಿರುವುದು ಗೋನಿಯೋಮೀಟರಿನ ಮೇಲೆ: ಎರಡು ಪ್ಲಾಸ್ಟಿಕ್ ಪಟ್ಟಿ, ಅವು ಕೂಡುವಲ್ಲಿ ಡಿಗ್ರಿ ಗುರುತಿನ ಬಿಲ್ಲೆ. ಒಂದನ್ನು ತೊಡೆಯ ನೇರಕ್ಕೆ, ಇನ್ನೊಂದನ್ನು ಮೊಣಕಾಲ ಕೆಳಗಿನ ಮೂಳೆಯ ನೇರಕ್ಕೆ ಹಿಡಿದರೆ, ಶಸ್ತ್ರಚಿಕಿತ್ಸೆಯಾದ ಮಂಡಿ ಎಷ್ಟು ಮಡಚುತ್ತದೆಂದು ತಿಳಿಯುತ್ತದೆ. ಸಮನೆಲದಲ್ಲಿ ನಡೆಯಲು ಸುಮಾರು 60 ಡಿಗ್ರಿ ಸಾಕು. ಮೆಟ್ಟಿಲಿಗೆ 90ರ ಆಸುಪಾಸು ಬೇಕು. ಕುಕ್ಕರಗಾಲಲ್ಲಿ ಕೂರಲು 110 ದಾಟಲೇಬೇಕು. ಹಾಗಾಗಿ ಚೀಟಿಯ ಮೇಲಿನ ಅಂಕಿಯನ್ನು ನೋಡಿದರೆ ರೋಗಿಗೆ ಮನೆಯಲ್ಲಿ ಯಾವ ಕೆಲಸ ಸಾಧ್ಯ ಎಂಬುದರ ಅಂದಾಜು ಸಿಗುತ್ತದೆ.

ಅನುಭವಿಗಳ ಕಣ್ಣಂದಾಜು ಸಾಲದೇ ಎಂದು ಕೇಳುವವರಿದ್ದಾರೆ. ಈ ಪಟ್ಟಿಯಲ್ಲೂ ಐದು ಡಿಗ್ರಿಯಷ್ಟು ಹೆಚ್ಚುಕಮ್ಮಿ ಬರುವುದು ನಿಜವೇ. ಆದರೆ ಒಂದೇ ಭಂಗಿಯಲ್ಲಿ, ಒಬ್ಬರೇ ಅಳೆದು ಬರೆದಿಟ್ಟ ಅಂಕಿಗಳನ್ನು ಮುಂದಿನ ಭೇಟಿಯಲ್ಲಿ ಹೋಲಿಸಬಹುದು. ನೆನಪಿನ ಅಂದಾಜನ್ನು ಹೋಲಿಸುವುದು ಹೇಗೆ? ನೋವಿನ ನಡುವೆ ರೋಗಿಗೆ ಗೋಚರಿಸದ ಚೇತರಿಕೆಯನ್ನೂ ಆ ಸಾಲು ಅಂಕಿಗಳು ತೋರಿಸಿಕೊಡುತ್ತವೆ.