ಗಡಿಯೊಳಗಿನ ಸಂಯಮ: ವಿದ್ಯಾಲಯಗಳ ತಂಬಾಕು ನಿಷೇಧ, ಒಂದು ವಿಮರ್ಶೆ

ಕಾಲೇಜಿನ ಮಹಾದ್ವಾರದ ಪಕ್ಕದಲ್ಲಿ ‘ಇದು ತಂಬಾಕುಮುಕ್ತ ಆವರಣ’ ಎಂಬ ಫಲಕ. ರಸ್ತೆ ದಾಟಿದರೆ ಒಂದು ಗೂಡಂಗಡಿ. ಅಲ್ಲಿ ಚಹಾದ ಲೋಟಗಳ ಮೇಲ್ಗಡೆ ಪಾನ್ ಮಸಾಲೆಯ ಚೀಟಿಗಳ ತೋರಣ, ಕಂಬಕ್ಕೆ ದಾರದಿಂದ ಕಟ್ಟಿದ ಲೈಟರು, ಅದರ ಸುತ್ತ ಪುಸ್ತಕ ಹಿಡಿದ ಯುವಕರ ಗುಂಪು. ಗಂಟೆ ಬಾರಿಸಿದೊಡನೆ ಅವರು ಉರಿಯುವ ತುಂಡನ್ನು ಕಾಲಿನಿಂದ ಹೊಸಕಿ ಫಲಕದ ಅಡಿಯಲ್ಲಿಯೇ ಒಳನಡೆಯುತ್ತಾರೆ. ಫಲಕ ಸುಳ್ಳು ಹೇಳುತ್ತಿಲ್ಲ. ಆವರಣ ನಿಜವಾಗಿಯೂ ತಂಬಾಕುಮುಕ್ತವಾಗಿದೆ. ಆದರೆ ಆ ಆವರಣದೊಳಗೆ ಕುಳಿತವರು ಮುಕ್ತರಾಗಿದ್ದಾರೆಯೇ ಎಂಬ ಪ್ರಶ್ನೆಗೆ ಫಲಕದಲ್ಲಿ ಉತ್ತರವಿಲ್ಲ. ನಿಷೇಧದ ಬಲವನ್ನೂ ಅದರ ಮಿತಿಯನ್ನೂ ಶ್ರಾವಕಧರ್ಮದ ಬೆಳಕಿನಲ್ಲಿ ಪರಿಶೀಲಿಸಬೇಕಾದ ಅಗತ್ಯ ಇಲ್ಲಿಂದಲೇ ಆರಂಭವಾಗುತ್ತದೆ.

ತಂಬಾಕಿನ ಮೇಲಣ ನಿಷೇಧ ಈ ನಾಡಿಗೆ ಹೊಸದಲ್ಲ. ಅಮೆರಿಕ ಖಂಡದ ಈ ಸೊಪ್ಪು ಪೋರ್ಚುಗೀಸರ ಹಡಗುಗಳಲ್ಲಿ ಭಾರತದ ಪಶ್ಚಿಮ ಕರಾವಳಿಗೆ ಬಂದಿತು. ಅಕ್ಬರನ ರಾಯಭಾರಿಯಾಗಿ ಬಿಜಾಪುರಕ್ಕೆ ಬಂದಿದ್ದ ಅಸದ್ ಬೇಗ್ 17ನೆಯ ಶತಮಾನದ ಆದಿಯಲ್ಲಿ ಅದನ್ನು ಅಲ್ಲಿಂದಲೇ ಬಾದಶಹನ ಆಸ್ಥಾನಕ್ಕೆ ಒಯ್ದನೆಂದು ಇತಿಹಾಸ ಹೇಳುತ್ತದೆ. 1617ರಲ್ಲಿ ಜಹಾಂಗೀರನು ಅದನ್ನು ನಿಷೇಧಿಸಿದನು. ಸಾಮ್ರಾಟನ ಆಜ್ಞೆ ಕಾಗದದಲ್ಲಿ ಉಳಿಯಿತು. ಸೊಪ್ಪು ಹೊಲಗಳಲ್ಲಿ ಬೆಳೆಯಿತು. ಆಜ್ಞೆಯೊಂದರಿಂದಲೇ ಅಭ್ಯಾಸ ಅಳಿಯುವುದಿಲ್ಲವೆಂಬ ಪಾಠ ನಾನೂರು ವರ್ಷಗಳಷ್ಟು ಹಳೆಯದು.

ಆಧುನಿಕ ಕಾನೂನಿನ ನಡೆ ಅದಕ್ಕಿಂತ ವಿವೇಕಯುತವಾದುದೆಂದು ಒಪ್ಪಬೇಕು. 1999ರಲ್ಲಿ ಕೇರಳದ ಉಚ್ಚ ನ್ಯಾಯಾಲಯವು ಸಾರ್ವಜನಿಕ ಸ್ಥಳಗಳಲ್ಲಿನ ಧೂಮಪಾನವನ್ನು ತಡೆಯುವಂತೆ ಆದೇಶಿಸಿತು. 2001ರ ನವೆಂಬರಿನಲ್ಲಿ ಮುರಳಿ ದೇವರಾ ಅವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು ಆಸ್ಪತ್ರೆ, ಗ್ರಂಥಾಲಯ, ನ್ಯಾಯಾಲಯಗಳ ಜೊತೆಗೆ ವಿದ್ಯಾಸಂಸ್ಥೆಗಳಲ್ಲಿಯೂ ಧೂಮಪಾನವನ್ನು ನಿಷೇಧಿಸಿತು. 2003ರ ಕೇಂದ್ರ ಕಾಯಿದೆ ವಿದ್ಯಾಸಂಸ್ಥೆಗಳಿಂದ 100 ಗಜಗಳೊಳಗೆ ತಂಬಾಕಿನ ಮಾರಾಟವನ್ನೇ ತಡೆಯಿತು. 2008ರ ಅಕ್ಟೋಬರ್ 2ರಂದು, ಗಾಂಧೀಜಯಂತಿಯ ದಿನ, ಸಾರ್ವಜನಿಕ ಧೂಮಪಾನದ ವಿರುದ್ಧದ ಪರಿಷ್ಕೃತ ನಿಯಮಗಳು ಜಾರಿಗೆ ಬಂದವು. 2019ರಲ್ಲಿ ವಿದ್ಯುನ್ಮಾನ ಸಿಗರೇಟುಗಳ ತಯಾರಿಕೆ, ಆಮದು, ಮಾರಾಟ, ಸಂಗ್ರಹ, ಜಾಹೀರಾತುಗಳು ದಂಡನೀಯವಾದವು. ಕರ್ನಾಟಕದಲ್ಲಿ 2025ರ ಮೇ ತಿಂಗಳಲ್ಲಿ ಜಾರಿಯಾದ ತಿದ್ದುಪಡಿಯು ಖರೀದಿಯ ವಯಸ್ಸನ್ನು 18ರಿಂದ 21ಕ್ಕೆ ಏರಿಸಿತು. ದಂಡವನ್ನು 200 ರೂಪಾಯಿಗಳಿಂದ 1000 ರೂಪಾಯಿಗಳಿಗೆ ಹೆಚ್ಚಿಸಿತು. ಹುಕ್ಕಾ ಬಾರುಗಳನ್ನು ಮುಚ್ಚಿಸಿತು. ಸಾಗರದಾಚೆಗೂ ಇದೇ ಪ್ರವಾಹವಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯವು 2014ರ ಜನವರಿಯಿಂದ ತನ್ನ ಎಲ್ಲ ಆವರಣಗಳಲ್ಲಿ ಸಿಗರೇಟನ್ನು ಮಾತ್ರವಲ್ಲದೆ ಜಗಿಯುವ ತಂಬಾಕನ್ನೂ ವಿದ್ಯುನ್ಮಾನ ಸಿಗರೇಟನ್ನೂ ನಿಷೇಧಿಸಿತು.

ಈ ನಿಷೇಧಕ್ಕೆ ಎದುರಾಗಿ ಬರುವ ಮೊದಲ ಆಕ್ಷೇಪ ಸ್ವಾತಂತ್ರ್ಯದ್ದು. ಮತ ಚಲಾಯಿಸಬಲ್ಲ, ವಾಹನ ಓಡಿಸಬಲ್ಲ ವಿದ್ಯಾರ್ಥಿಯ ಕೈಯಿಂದ ಸಿಗರೇಟನ್ನು ಕಸಿಯುವ ಅಧಿಕಾರ ಕುಲಪತಿಗಳಿಗೆ ಎಲ್ಲಿಂದ ಬಂದಿತೆಂದು ವಾದಿಸುವವರಿದ್ದಾರೆ. ಈ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಹೊಗೆಗೆ ಕೈಯ ಗಡಿ ಗೊತ್ತಿಲ್ಲ. ಒಬ್ಬನು ಸೇದಿದ ಹೊಗೆ ಪಕ್ಕದ ಕೋಣೆಯ ಉಬ್ಬಸದ ರೋಗಿಯ ಶ್ವಾಸಕೋಶವನ್ನೂ, ನೆಲ ಗುಡಿಸುವ ಹೆಂಗಸಿನ ಶ್ವಾಸಕೋಶವನ್ನೂ ಪ್ರವೇಶಿಸುತ್ತದೆ. ತಾವು ಸೇದದೆಯೂ ಪರರ ಹೊಗೆಯಿಂದ ಸಾಯುವವರ ಸಂಖ್ಯೆ ಜಗತ್ತಿನಲ್ಲಿ ವರ್ಷಕ್ಕೆ ಹತ್ತು ಲಕ್ಷವನ್ನು ಮೀರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಪರರ ಪ್ರಾಣಕ್ಕೆ ಘಾತವಾಗುವಲ್ಲಿ ಸ್ವಾತಂತ್ರ್ಯದ ಮಾತು ನಿಲ್ಲಲಾರದು. ಅಗ್ನಿಕಾಯಿಕ, ವಾಯುಕಾಯಿಕ ಜೀವಗಳ ವಿರಾಧನೆಯನ್ನೂ ಎಣಿಸುವ ಜೈನದರ್ಶನಕ್ಕೆ ಇದು ಇನ್ನೂ ಸ್ಪಷ್ಟ. ಪ್ರಯೋಜನವಿಲ್ಲದೆ ಬೆಂಕಿ ಹೊತ್ತಿಸುವುದು ಅನರ್ಥದಂಡದ ಐದು ಬಗೆಗಳಲ್ಲಿ ಪ್ರಮಾದಚರ್ಯೆಗೆ ಸೇರಿದುದು. ಹೊಸಕಿ ಎಸೆದ ಸಿಗರೇಟಿನ ತುದಿಯ ಶೋಧಕವು ಹತ್ತಿಯಂತೆ ಕಂಡರೂ ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನಿಂದ ಮಾಡಿದ್ದು. ಅದು ಮಳೆನೀರಿನೊಡನೆ ಚರಂಡಿ ಸೇರಿ ಕೆರೆಯ ಜಲಚರಗಳಿಗೂ ವಿಷವುಣಿಸುತ್ತದೆ. ಇಷ್ಟರಮಟ್ಟಿಗೆ ನಿಷೇಧವು ಅಹಿಂಸೆಯ ಕಾವಲುಗಾರನೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಕಾವಲುಗಾರನ ಕಣ್ಣು ಎಲ್ಲಿ ನೆಟ್ಟಿದೆಯೆಂಬುದನ್ನೂ ನೋಡಬೇಕು. 2016-17ರ ರಾಷ್ಟ್ರೀಯ ಸಮೀಕ್ಷೆಯಂತೆ ಭಾರತದ ವಯಸ್ಕರಲ್ಲಿ ಶೇಕಡಾ 10.7 ಮಂದಿ ತಂಬಾಕನ್ನು ಸೇದುವವರು, ಶೇಕಡಾ 21.4 ಮಂದಿ ಅಗಿಯುವ, ತಿಕ್ಕುವ ಹೊಗೆರಹಿತ ತಂಬಾಕಿಗೆ ಒಳಗಾದವರು. ಕರ್ನಾಟಕದಲ್ಲಿಯೂ ಈ ಅಂಕಿಗಳು ಕ್ರಮವಾಗಿ 8.8 ಮತ್ತು 16.3. ಎಂದರೆ ರೋಗದ ದೊಡ್ಡ ಪಾಲಿಗೆ ಹೊಗೆಯೇ ಇಲ್ಲ. 2003ರ ಕಾಯಿದೆಯ ಸಾರ್ವಜನಿಕ ಸ್ಥಳದ ನಿಷೇಧವಾದರೋ ಧೂಮಪಾನವನ್ನು ಮಾತ್ರ ಹೆಸರಿಸಿತು. 2013ರ ಮೇ ಅಂತ್ಯದಲ್ಲಿ ಕರ್ನಾಟಕವು ಗುಟ್ಕಾವನ್ನು ನಿಷೇಧಿಸಿದಾಗ ಮಾರುಕಟ್ಟೆಯು ಪಾನ್ ಮಸಾಲೆಯನ್ನು ಒಂದು ಚೀಟಿಯಲ್ಲಿಯೂ ತಂಬಾಕನ್ನು ಇನ್ನೊಂದರಲ್ಲಿಯೂ ತುಂಬಿ ಜೋಡಿಯಾಗಿ ಮಾರಿತು. ನಿಷೇಧವನ್ನು ಉಲ್ಲಂಘಿಸುವ ಕೆಲಸ ಕೊಳ್ಳುವವನ ಅಂಗೈಯ ಪಾಲಾಯಿತು. ವಿದ್ಯುನ್ಮಾನ ಸಿಗರೇಟಿನ ಕಥೆಯೂ ಭಿನ್ನವಲ್ಲ. ಬ್ಯಾಟರಿಯಿಂದ ನಿಕೋಟಿನ್ ದ್ರವವನ್ನು ಕಾಯಿಸಿ ಆವಿಯಾಗಿಸುವ ಈ ಉಪಕರಣ ಲೇಖನಿಯಂತೆಯೋ ಕಂಪ್ಯೂಟರಿನ ಬಿಡಿಭಾಗದಂತೆಯೋ ಜೇಬಿನಲ್ಲಿ ಕುಳಿತಿರುತ್ತದೆ. ಅದಕ್ಕೆ ಬೂದಿಯಿಲ್ಲ, ತುಂಡಿಲ್ಲ. ಅದರ ವಾಸನೆ ಹಣ್ಣಿನದು. ವಾಸನೆ ಹಿಡಿದು ಅಪರಾಧಿಯನ್ನು ಹುಡುಕುವ ವಸತಿಗೃಹದ ಮೇಲ್ವಿಚಾರಕರು ಇಲ್ಲಿ ಸೋಲುತ್ತಾರೆ. ಬೀಡಿ ಸಿಗರೇಟುಗಳ ದಾಸರಾದವರು ಅವನ್ನು ಬಿಡಲು ಈ ಉಪಕರಣ ನೆರವಾಗಬಹುದೆಂದು ಬ್ರಿಟನ್ನಿನ ಆರೋಗ್ಯ ಇಲಾಖೆ ಒಪ್ಪಿದೆಯೆಂಬುದು ನಿಜ. ಆದರೆ ಒಂದು ಬೀಡಿಯನ್ನೂ ಮುಟ್ಟದ ಹದಿನೆಂಟರ ಹುಡುಗನಿಗೆ ಬಿಡಬೇಕಾದ ಚಟವೇ ಇಲ್ಲದಿರುವಾಗ, ಈ ಸಮರ್ಥನೆ ಅವನಿಗೆ ಅನ್ವಯಿಸುವುದೆಂತು?

ಗಡಿಯೊಳಗಿನ ನಿಷೇಧದ ಸ್ವರೂಪವನ್ನು ತಿಳಿಯಲು ಜೈನ ಆಚಾರಶಾಸ್ತ್ರದಲ್ಲಿಯೇ ಒಂದು ನಿದರ್ಶನವಿದೆ. ಶ್ರಾವಕನು ಇಂತಿಷ್ಟು ಕಾಲ ಇಂತಿಷ್ಟು ಕ್ಷೇತ್ರವನ್ನು ಮೀರುವುದಿಲ್ಲವೆಂದು ಕೈಗೊಳ್ಳುವ ದೇಶವ್ರತವೇ ಅದು. ಕ್ಷೇತ್ರದ ಮಿತಿಯಿಂದ ಮನಸ್ಸಿನ ಮಿತಿಯನ್ನು ಸಾಧಿಸುವ ಈ ವ್ರತ ಹೇಗೆ ಮಲಿನವಾಗುವುದೆಂಬುದನ್ನು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಐದು ಅತಿಚಾರಗಳಾಗಿ ಎಣಿಸಿದ್ದಾರೆ: ಆನಯನ, ಪ್ರೇಷ್ಯಪ್ರಯೋಗ, ಶಬ್ದಾನುಪಾತ, ರೂಪಾನುಪಾತ, ಪುದ್ಗಲಕ್ಷೇಪ. ತಾನು ಗಡಿ ದಾಟದೆ ಹೊರಗಿನ ವಸ್ತುವನ್ನು ತರಿಸಿಕೊಳ್ಳುವುದು, ಆಳನ್ನು ಕಳುಹಿಸುವುದು, ಕೂಗಿ ತಿಳಿಸುವುದು, ಮುಖ ತೋರಿಸಿ ಸನ್ನೆ ಮಾಡುವುದು, ವಸ್ತುವನ್ನು ಎಸೆಯುವುದು ಎಂದು ಇವುಗಳ ತಾತ್ಪರ್ಯ. ಇಂದಿನ ವಸತಿಗೃಹವೊಂದನ್ನು ನೋಡಿ ಬರೆದಂತೆ ಇದೆ ಈ ಪಟ್ಟಿ. ಹಿರಿಯ ವಿದ್ಯಾರ್ಥಿಯು ಮೊದಲ ವರ್ಷದ ಹುಡುಗನನ್ನು ಅಂಗಡಿಗೆ ಅಟ್ಟುತ್ತಾನೆ; ದೂರವಾಣಿಯಲ್ಲಿ ಹೇಳಿ ತರಿಸಿಕೊಳ್ಳುತ್ತಾನೆ; ಮಹಡಿಯಿಂದ ಬೆರಳೆತ್ತಿ ಸನ್ನೆ ಮಾಡುತ್ತಾನೆ; ಆವರಣದ ಗೋಡೆಯ ಮೇಲಿನಿಂದ ಪೊಟ್ಟಣ ಹಾರಿ ಬರುತ್ತದೆ. ಗಡಿ ಅಚ್ಚಳಿಯದೆ ಉಳಿಯುತ್ತದೆ, ವ್ರತ ಮಾತ್ರ ಉಳಿಯುವುದಿಲ್ಲ.

ಇಲ್ಲಿ ಒಂದು ಮುಖ್ಯ ಅಂತರವಿದೆ. ದೇಶವ್ರತದ ಗಡಿಯನ್ನು ಎಳೆದವನು ಶ್ರಾವಕನೇ. ಆದುದರಿಂದ ಅದನ್ನು ವಂಚಿಸಿದರೆ ಅವನು ತನ್ನನ್ನೇ ವಂಚಿಸಿಕೊಂಡಂತೆ. ಕಾಲೇಜಿನ ಗಡಿಯನ್ನು ಎಳೆದವರು ಬೇರೆಯವರು. ಅದನ್ನು ವಂಚಿಸುವುದು ಯುವಕನಿಗೆ ಸಾಹಸವಾಗಿ ತೋರುತ್ತದೆ. ನಿಷೇಧವು ವ್ರತವಾಗಬೇಕಾದರೆ ಅದು ವಿದ್ಯಾರ್ಥಿಯ ಸಂಕಲ್ಪವಾಗಬೇಕು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗಗಳ ತ್ಯಾಗವನ್ನು ನಿಯಮ, ಯಮ ಎಂದು ಎರಡಾಗಿ ವಿಭಾಗಿಸಿದ್ದಾರೆ. ಕಾಲಮಿತಿಯುಳ್ಳದ್ದು ನಿಯಮ, ಯಾವಜ್ಜೀವವಾದುದು ಯಮ. ಮನುಷ್ಯನ ದೌರ್ಬಲ್ಯವನ್ನು ಅರಿತವರ ವಿಭಾಗವಿದು. ಒಮ್ಮೆಗೇ ಜೀವನಪರ್ಯಂತ ಬಿಡೆಂದರೆ ಹೆದರುವವನು ದಶಲಕ್ಷಣ ಪರ್ವದ ಹತ್ತು ದಿನ ಬಿಡಬಲ್ಲನು. ಹತ್ತು ದಿನ ಬಿಟ್ಟವನಿಗೆ ಚಾತುರ್ಮಾಸ ಪೂರ್ತಿ ಬಿಡುವ ಧೈರ್ಯ ಬಂದೀತು. ಕಾಲೇಜಿನ ನಿಷೇಧದಲ್ಲಿ ಇಂತಹ ಸೋಪಾನವಿಲ್ಲ. ಅದರಲ್ಲಿ ದಂಡವಿದೆ, ವಸತಿಗೃಹದಿಂದ ಉಚ್ಚಾಟನೆಯಿದೆ, ತಂದೆತಾಯಿಗಳಿಗೆ ಪತ್ರವಿದೆ. ನಿಕೋಟಿನ್ ಮಿದುಳನ್ನು ಕಟ್ಟಿಹಾಕುವ ದ್ರವ್ಯ. ಅದಕ್ಕೆ ಸಿಲುಕಿದವನನ್ನು ಹೊರಗೆ ದಬ್ಬಿದರೆ ಆವರಣ ಶುದ್ಧವಾದೀತೇ ಹೊರತು ಅವನ ಕಷಾಯ ಕ್ಷೀಣಿಸದು. ತಂಬಾಕಿನ ಪೊಟ್ಟಣದ ಮೇಲೆಯೇ ಅಚ್ಚಾಗುತ್ತಿರುವ 1800-11-2356 ಎಂಬ ಉಚಿತ ಸಹಾಯವಾಣಿಯ ಸಂಖ್ಯೆಯನ್ನಾಗಲಿ, ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಚಟ ಬಿಡಿಸಲು ದೊರೆಯುವ ನೆರವನ್ನಾಗಲಿ ಎಷ್ಟು ಕಾಲೇಜುಗಳ ಫಲಕಗಳು ತಿಳಿಸುತ್ತವೆ? ದಂಡದ ಮೊತ್ತವನ್ನು ದಪ್ಪಕ್ಷರಗಳಲ್ಲಿ ಬರೆಸುವ ಆಡಳಿತವು ಬಿಡುವ ದಾರಿಯನ್ನು ಒಂದು ಸಾಲಿನಲ್ಲಿಯೂ ಬರೆಸದಿರುವುದೇ ಈ ನಿಷೇಧದ ಅತ್ಯಂತ ದೊಡ್ಡ ಕೊರತೆ.

ಸಪ್ತವ್ಯಸನಗಳಲ್ಲಿ ತಂಬಾಕಿನ ಹೆಸರಿಲ್ಲವೆಂದು ಸಮಾಧಾನ ಹೇಳಿಕೊಳ್ಳುವ ಶ್ರಾವಕರು ಹಿಂದೆಯೂ ಇದ್ದರು, ಇಂದೂ ಇದ್ದಾರೆ. ಆ ಪಟ್ಟಿ ರೂಪುಗೊಂಡ ಕಾಲದಲ್ಲಿ ಈ ಸೊಪ್ಪು ಭಾರತದಲ್ಲಿ ಇರಲೇ ಇಲ್ಲ. ಇಲ್ಲದ ವಸ್ತುವನ್ನು ಆಚಾರ್ಯರು ಹೆಸರಿಸುವುದೆಂತು? ದೇಹಕ್ಕೆ ಅನಿಷ್ಟವಾದುದನ್ನೂ ಸಜ್ಜನರಿಗೆ ಅನುಪಸೇವ್ಯವಾದುದನ್ನೂ ತ್ಯಜಿಸಬೇಕೆಂದು ಸಮಂತಭದ್ರರು ವಿಧಿಸಿದ್ದಾರೆ. ಆ ಮಾತಿನ ವ್ಯಾಪ್ತಿಗೆ ತಂಬಾಕು ತಾನಾಗಿಯೇ ಬರುತ್ತದೆ. ಮೊಮ್ಮಗನ ಜೇಬಿನಲ್ಲಿ ಆವಿಯ ಉಪಕರಣ ಕಂಡರೆ ಮನೆಯೆಲ್ಲ ಕಣ್ಣೀರಿಡುತ್ತದೆ. ಅಜ್ಜನ ನಶ್ಯದ ಡಬ್ಬಿ, ಅಜ್ಜಿಯ ಎಲೆಯಡಿಕೆಯ ಸಂಚಿಯೊಳಗಿನ ಹೊಗೆಸೊಪ್ಪು ಮಾತ್ರ ಮನೆಯ ಪೂಜ್ಯ ವಸ್ತುಗಳಾಗಿ ಉಳಿಯುತ್ತವೆ. ಈ ಇಬ್ಬಗೆಯನ್ನು ಯುವಕರು ಗಮನಿಸುವುದಿಲ್ಲವೆಂದು ಹಿರಿಯರು ಭಾವಿಸಿದರೆ ಅದು ಭ್ರಮೆ.

ಇನ್ನು ಕೃತ, ಕಾರಿತ, ಅನುಮೋದನ ಎಂಬ ತ್ರಿಕದ ಮುಂದೆ ಸಮಾಜವು ತನ್ನನ್ನೇ ನಿಲ್ಲಿಸಿ ನೋಡಿಕೊಳ್ಳಬೇಕಾಗಿದೆ. ನಿಪ್ಪಾಣಿಯ ಸುತ್ತಿನ ಕರಿಮಣ್ಣಿನಲ್ಲಿ ಬೀಡಿ ತಂಬಾಕು, ಹುಣಸೂರು ಪಿರಿಯಾಪಟ್ಟಣಗಳಲ್ಲಿ ಸಿಗರೇಟಿನ ತಂಬಾಕು ತಲೆಮಾರುಗಳಿಂದ ಬೆಳೆಯುತ್ತಿದೆ. ಸೂಕ್ತ ಬೆಲೆಗಾಗಿ 1981ರಲ್ಲಿ ನಿಪ್ಪಾಣಿಯ ರೈತರು ಹೋರಾಡಿ, ಪೊಲೀಸರ ಗುಂಡಿಗೆ ಹಲವರು ಪ್ರಾಣ ತೆತ್ತರು. ದಕ್ಷಿಣ ಕನ್ನಡದ ಎಷ್ಟೋ ಬಡ ಹೆಣ್ಣುಮಕ್ಕಳು ಬೀಡಿ ಕಟ್ಟಿಯೇ ಮಕ್ಕಳನ್ನು ಓದಿಸಿದ್ದಾರೆ. ಇವರನ್ನು ದೂಷಿಸುವುದು ಸುಲಭ, ಆದರೆ ನ್ಯಾಯವಲ್ಲ. ಪರ್ಯಾಯ ಬೆಳೆ, ಪರ್ಯಾಯ ಕಸುಬು ಸಿಗುವವರೆಗೆ ಅವರ ಹೊಟ್ಟೆಯ ಮಾತಿಗೆ ಯಾವ ಉಪದೇಶವೂ ಉತ್ತರವಾಗದು. ಆದರೆ ಬೇರೆ ದಾರಿಗಳಿರುವ ಸ್ಥಿತಿವಂತರ ವಿಷಯ ಹಾಗಲ್ಲ. ಶ್ರಾವಕನು ವರ್ಜಿಸಬೇಕಾದ ಹದಿನೈದು ಕ್ರೂರಕರ್ಮಗಳಲ್ಲಿ ವಿಷವಾಣಿಜ್ಯವೂ ಒಂದು. ಭಾರತದಲ್ಲಿ ವರ್ಷಕ್ಕೆ ಹದಿಮೂರು ಲಕ್ಷಕ್ಕೂ ಹೆಚ್ಚು ಜನರನ್ನು ಕೊಲ್ಲುವ ವಸ್ತುವಿನ ವ್ಯಾಪಾರಕ್ಕೆ ಬೇರೆ ಯಾವ ಹೆಸರು ಹೊಂದೀತು?

ಬಸದಿಗಳ ವಿಶ್ವಸ್ತ ಮಂಡಳಿಗಳಿಗೂ ಇದು ದೂರದ ಪ್ರಶ್ನೆಯಲ್ಲ. ಸಮಾಜದ ಹೆಸರಿನಲ್ಲಿ ಕಾಲೇಜುಗಳಿವೆ, ವಿದ್ಯಾರ್ಥಿನಿಲಯಗಳಿವೆ, ಅವುಗಳ ಪೋಷಣೆಗಾಗಿ ಬಾಡಿಗೆಗೆ ಕೊಟ್ಟ ಮಳಿಗೆಗಳಿವೆ. ಒಂದು ಮಂಡಳಿಯು ವಿದ್ಯಾರ್ಥಿನಿಲಯದ ಬಾಗಿಲಿಗೆ ನಿಷೇಧದ ಫಲಕ ತೂಗುಹಾಕಿ, ಬೀದಿಯ ಕಡೆಗಿರುವ ತನ್ನದೇ ಮಳಿಗೆಯನ್ನು ತಂಬಾಕಿನ ವ್ಯಾಪಾರಿಗೆ ಬಾಡಿಗೆಗೆ ಕೊಟ್ಟರೆ, ಆ ಬಾಡಿಗೆಯ ಹಣದಿಂದ ಹಚ್ಚಿದ ನಂದಾದೀಪ ಯಾರ ದಾರಿಯನ್ನು ಬೆಳಗೀತು? ಕಾನೂನು 100 ಗಜಗಳನ್ನು ಆವರಣದ ಗೋಡೆಯ ಹೊರಅಂಚಿನಿಂದ ಅಳೆಯುತ್ತದೆ. ಧರ್ಮದ ಅಳತೆಗೋಲು ಗೋಡೆಯಲ್ಲಿ ಆರಂಭವಾಗುವುದೂ ಇಲ್ಲ, 100 ಗಜಗಳಲ್ಲಿ ಮುಗಿಯುವುದೂ ಇಲ್ಲ.

ಮಂಡಳಿಗಳು ಮಾಡಬಹುದಾದ ಕಾರ್ಯಗಳು ಕಷ್ಟಸಾಧ್ಯವಲ್ಲ. ಮಳಿಗೆಯ ಬಾಡಿಗೆ ಪತ್ರದಲ್ಲಿ ತಂಬಾಕು ಮಾರಬಾರದೆಂಬ ಷರತ್ತನ್ನು ಸೇರಿಸಬಹುದು. ವಿದ್ಯಾರ್ಥಿನಿಲಯದ ಫಲಕದಲ್ಲಿ ದಂಡದ ಮಾತಿನ ಕೆಳಗೆ ಸಹಾಯವಾಣಿಯ ಸಂಖ್ಯೆಯನ್ನು ಬರೆಸಬಹುದು. ಸಿಕ್ಕಿಬಿದ್ದ ವಿದ್ಯಾರ್ಥಿಯನ್ನು ಮೊದಲ ಸಲ ಹೊರಹಾಕದೆ, ವೈದ್ಯರ ನೆರವಿನೊಡನೆ ಹತ್ತು ದಿನಗಳ ನಿಯಮವನ್ನು ಅವನಿಂದಲೇ ಸ್ವೀಕರಿಸುವಂತೆ ಮಾಡಬಹುದು. ಪರ್ವದ ದಿನಗಳಲ್ಲಿ ಹಿರಿಯರೊಬ್ಬರು ಸಭೆಯ ಮುಂದೆ ತಮ್ಮ ನಶ್ಯದ ಡಬ್ಬಿಯನ್ನು ಇಳಿಸಿ ಯಮವನ್ನು ಸ್ವೀಕರಿಸಿದರೆ, ನೂರು ಫಲಕಗಳು ಮಾಡಲಾರದ ಕಾರ್ಯ ಆ ಒಂದು ನಿಮಿಷದಲ್ಲಿ ನಡೆದೀತು.

ನಿಷೇಧವನ್ನು ತೆಗೆದುಹಾಕಬೇಕೆಂಬುದು ಈ ವಿಮರ್ಶೆಯ ಆಶಯವಲ್ಲ. ಪೈರಿಗೆ ಬೇಲಿ ಬೇಕು; ಆದರೆ ಬೇಲಿಯನ್ನೇ ಬೆಳೆಯೆಂದು ತಿಳಿಯಬಾರದು. ಮಹಾದ್ವಾರದ ಫಲಕದ ಅಡಿಯಲ್ಲಿ ಹಾದುಹೋಗುವ ಯುವಕನು ಸಂಜೆ ಅದೇ ದ್ವಾರದಿಂದ ಹೊರಗೆ ಬಂದಾಗ, ಫಲಕವಿಲ್ಲದ ಬೀದಿಯಲ್ಲಿಯೂ ಗೂಡಂಗಡಿಯನ್ನು ದಾಟಿ ಮನೆಗೆ ನಡೆದರೆ, ಅಂದು ನಿಷೇಧವು ಸಂಯಮವಾಗಿ ಪರಿಣಮಿಸಿತೆಂದು ಹೇಳಬಹುದು.