ಬಾಗಿಲಲ್ಲಿ ಯಾರು?

ನಮ್ಮ ಶಾಲೆಯಲ್ಲಿ ಮಧ್ಯಾಹ್ನ ಡಬ್ಬಿ ಬಿಚ್ಚುವ ಹೊತ್ತಿಗೆ ಸಿನಿಮಾ ಮಾತು ಬಾರದ ದಿನವಿಲ್ಲ. ಮೊನ್ನೆ ಹೊಸದಾಗಿ ಸೇರಿದ ವಿಜ್ಞಾನದ ಟೀಚರು ತಾನು ಭಾನುವಾರ ನೋಡಿ ಬಂದ ದೆವ್ವದ ಸಿನಿಮಾದ ಕಥೆ ಹೇಳಿದಳು. ದೆವ್ವದ ಬಾಯಿ ಎಷ್ಟಗಲ ತೆರೆದುಕೊಂಡಿತು, ಗೋಡೆ ಹೇಗೆ ಸೀಳಿತು, ಎಲ್ಲವನ್ನೂ ಚಪಾತಿ ಹಿಡಿದ ಕೈಯಲ್ಲೇ ಮಾಡಿ ತೋರಿಸಿದಳು. "ರಾತ್ರಿ ನಿದ್ದೆ ಬಂತೇನೇ?" ಎಂದೆ. "ಅಯ್ಯೋ, ಆಟೋ ಹತ್ತೋ ಹೊತ್ತಿಗೆ ಮರೆತೇ ಹೋಗಿತ್ತು ಮೇಡಂ" ಎಂದು ನಕ್ಕಳು.

ಅಷ್ಟು ದುಡ್ಡು ಸುರಿದು ಮಾಡಿದ ಭಯ ಆಟೋ ಹತ್ತುವವರೆಗೂ ಬಾಳಲಿಲ್ಲ. ನಾನು ಎಷ್ಟೋ ವರ್ಷಗಳ ಹಿಂದೆ ಕೇಬಲ್ ಟಿವಿಯಲ್ಲಿ ನೋಡಿದ ಒಂದು ಸಿನಿಮಾ ಮಾತ್ರ ಮಳೆ ಬಂದ ರಾತ್ರಿಗಳಲ್ಲಿ ಈಗಲೂ ನೆನಪಾಗುತ್ತದೆ. ಅದರಲ್ಲಿ ದೆವ್ವವೇ ಇಲ್ಲ. ಇರುವುದು ಒಂದು ಮನೆ, ಮೂರು ಜನ, ಒಂದು ಕರೆಗಂಟೆ.

ಅದು 1999ರ ಹಿಂದಿ ಚಿತ್ರ 'ಕೌನ್'. ಹೆಸರಿನ ಅರ್ಥವೇ 'ಯಾರು' ಎಂದು. ನಿರ್ದೇಶನ ರಾಮ್‌ಗೋಪಾಲ್ ವರ್ಮಾ, ಬರೆದವರು ಅನುರಾಗ್ ಕಶ್ಯಪ್. ದೊಡ್ಡ ಮನೆಯಲ್ಲಿ ಒಬ್ಬಳೇ ಹೆಣ್ಣುಮಗಳು, ಊರ್ಮಿಳಾ ಮಾತೋಂಡ್ಕರ್. ಹೊರಗೆ ಗುಡುಗು ಮಳೆ. ಟಿವಿ ವಾರ್ತೆಯಲ್ಲಿ ಸರಣಿ ಕೊಲೆಗಾರನ ಸುದ್ದಿ. ಗಂಟೆ ಬಾರಿಸುತ್ತದೆ. ಬಾಗಿಲಲ್ಲಿ ಮನೋಜ್ ಬಾಜಪೇಯಿ. ಮಲ್ಹೋತ್ರಾ ಎಂಬುವರ ಮನೆ ಇದೇ ಅಲ್ಲವೇ ಎಂದು ಕೇಳುತ್ತಾನೆ. ಅಲ್ಲ ಎಂದರೆ ಹೋಗುವವನಲ್ಲ. ಮೈಮೇಲೆ ಬೀಳುವಂಥ ವಿನಯ, ಮುಗಿಯದ ಮಾತು. ಆಮೇಲೆ ಇನ್ನೊಬ್ಬ ಬರುತ್ತಾನೆ, ಸುಶಾಂತ್ ಸಿಂಗ್. ಪಾತ್ರವರ್ಗ ಅಷ್ಟೇ. ಹಾಡಿಲ್ಲ, ಕುಣಿತವಿಲ್ಲ. ಅವಳಿಗೊಂದು ಹೆಸರು ಕೂಡ ಇಲ್ಲ.

ಆ ಮೊದಲ ಅರ್ಧ ಗಂಟೆ ನೋಡುವಾಗ ನನ್ನ ಕೈ ತಣ್ಣಗಾಗಿತ್ತು. ಕೊಲೆಗಾರನ ಸುದ್ದಿಯಿಂದಲ್ಲ, ಆ ಬಾಗಿಲ ಮಾತಿನಿಂದ. ಪರಿಚಯವಿಲ್ಲದ ಗಂಡಸಿಗೆ ಬಾಗಿಲ ಸಂದಿಯಿಂದ ಉತ್ತರ ಕೊಡಬೇಕು. ಒರಟಾದರೆ ಅವನಿಗೆ ಸಿಟ್ಟು ಬಂದೀತು, ಮೆತ್ತಗಾದರೆ ಸಲಿಗೆ ತೆಗೆದುಕೊಂಡಾನು. ಈ ಲೆಕ್ಕ ನಮ್ಮಲ್ಲಿ ಯಾರು ಹಾಕಿಲ್ಲ? ಗ್ಯಾಸಿನವನು, ಕರೆಂಟು ಬಿಲ್ಲಿನವನು, 'ಸರ್ ಇದ್ದಾರಾ' ಎಂದು ಕೇಳುವ ಅಪರಿಚಿತ, ಎಲ್ಲರ ಮುಂದೆಯೂ ಹಾಕಿದ್ದೇವೆ. ವರ್ಮಾ ಈ ಭಯವನ್ನು ಹೊಸದಾಗಿ ಕಟ್ಟಲಿಲ್ಲ, ನಮ್ಮ ಮನೆಯಿಂದಲೇ ಕಡ ತೆಗೆದುಕೊಂಡು ಹೋದರು. ಒಂದು ತಕರಾರೂ ಇದೆ. ಹಿನ್ನೆಲೆ ಸಂಗೀತ ಬೇಡದ ಕಡೆಯೆಲ್ಲ ಕಿರುಚುತ್ತದೆ. ಬಾಗಿಲ ಅಗುಳಿಯ ಸದ್ದು ಸಾಕಾಗಿದ್ದ ಜಾಗದಲ್ಲಿ ಇಷ್ಟು ಗಲಾಟೆ ಯಾಕೆ ಬೇಕಿತ್ತೋ!

ಕಾಸು ಕಡಿಮೆ ಇದ್ದವನು ಹೆದರಿಸಲು ಏನು ಮಾಡಬೇಕು ಎಂಬುದಕ್ಕೆ ಬಹಳ ಹಳೆಯ ಉದಾಹರಣೆ ಅಮೆರಿಕದ 'ಕ್ಯಾಟ್ ಪೀಪಲ್', 1942ರದು. ಆರ್‌ಕೆಓ ಸ್ಟುಡಿಯೋದವರು ವಾಲ್ ಲ್ಯೂಟನ್ ಎಂಬ ನಿರ್ಮಾಪಕರ ಕೈಗೆ ಹೆಸರೊಂದನ್ನು ಕೊಟ್ಟು, ಒಂದೂವರೆ ಲಕ್ಷ ಡಾಲರ್ ಒಳಗೆ ಚಿತ್ರ ಮುಗಿಸಿ ಎಂದರು. ಬೇರೊಂದು ದೊಡ್ಡ ಚಿತ್ರಕ್ಕೆ ಹಾಕಿದ್ದ ಮೆಟ್ಟಿಲಿನ ಸೆಟ್ಟನ್ನೇ ಇವರು ಮತ್ತೆ ಬಳಸಿದರು. ನಿರ್ದೇಶಕ ಜಾಕ್ ಟೂರ್ನರ್. ಮೃಗವಾಗಿ ಬದಲಾಗುವ ಹೆಣ್ಣಿನ ಕಥೆ. ಆದರೆ ನೆನಪಿನಲ್ಲಿ ಉಳಿಯುವುದು ಮೃಗವಲ್ಲ. ಆಲಿಸ್ ಎಂಬಾಕೆ ರಾತ್ರಿ ಪಾರ್ಕಿನ ಪಕ್ಕದ ರಸ್ತೆಯಲ್ಲಿ ಒಬ್ಬಳೇ ನಡೆಯುತ್ತಾಳೆ. ಹಿಂದೆ ಇನ್ನೊಂದು ಜೊತೆ ಹಿಮ್ಮಡಿಯ ಸದ್ದು. ಒಂದು ದೀಪದ ಕಂಬ, ಕತ್ತಲು, ಮತ್ತೊಂದು ಕಂಬ. ಇದ್ದಕ್ಕಿದ್ದಂತೆ ಹಿಂದಿನ ಸದ್ದು ನಿಂತುಹೋಗುತ್ತದೆ. ಅವಳು ಹೆಜ್ಜೆ ಬೇಗ ಮಾಡುತ್ತಾಳೆ, ತಿರುಗಿ ನೋಡುತ್ತಾಳೆ. ಆಗ 'ಬುಸ್' ಎಂದು ಬರುವುದು ಮೃಗವಲ್ಲ, ಬಸ್ಸು! ಸಿನಿಮಾದವರು ಇಂಥ ಬೆಚ್ಚಿಬೀಳುವಿಕೆಗೆ ಇಂದಿಗೂ 'ಲ್ಯೂಟನ್ ಬಸ್' ಎನ್ನುತ್ತಾರಂತೆ. ನನ್ನನ್ನು ಹೆದರಿಸಿದ್ದು ಬಸ್ಸಿನ ಸದ್ದಲ್ಲ, ಹಿಂದಿನ ಹೆಜ್ಜೆ ನಿಂತ ಆ ಗಳಿಗೆ. ಹೆಜ್ಜೆ ಕೇಳುತ್ತಿದ್ದರೆ ಅವನು ಎಷ್ಟು ದೂರದಲ್ಲಿದ್ದಾನೆಂದಾದರೂ ತಿಳಿಯುತ್ತದೆ. ಟ್ಯೂಷನ್ ಮುಗಿಸಿ ಸಂಜೆ ಒಬ್ಬಳೇ ಬರುವ ಹುಡುಗಿಯರನ್ನು ಕೇಳಿ ನೋಡಿ, ಈ ದೃಶ್ಯವನ್ನು ಅವರು ಸಿನಿಮಾ ನೋಡದೆಯೇ ಬಲ್ಲರು.

ಹಾಗೆಂದು ಕಾಸು ಕಡಿಮೆಯಿದ್ದರೆ ಸಾಕು ಎಂದಲ್ಲ. ರಾಮ್ಸೆ ಸಹೋದರರ ಚಿತ್ರಗಳೂ ಕಡಿಮೆ ಖರ್ಚಿನವೇ. 1984ರ 'ಪುರಾನಾ ಮಂದಿರ್' ನೋಡಿದವರಿಗೆ ಸಾಮ್ರಿ ಎಂಬ ರಾಕ್ಷಸ ನೆನಪಿರಬಹುದು. ಅವನನ್ನು ಬೆಳಕಿನಲ್ಲಿ ನಿಲ್ಲಿಸಿ ತೋರಿಸಿ ತೋರಿಸಿ, ಕೊನೆಕೊನೆಗೆ ನಮಗೆ ನೆಂಟನಂತಾಗಿಬಿಟ್ಟ. ಇದ್ದ ನಾಲ್ಕು ಕಾಸನ್ನೂ ಮುಖಕ್ಕೇ ಹಚ್ಚಿದರೆ ಹೀಗೇ. ಕತ್ತಲಿಗೆ ದುಡ್ಡು ಕೊಡಬೇಕಾಗಿಲ್ಲ ಎಂಬುದನ್ನು ಅವರು ಮರೆತರು.

ನಮ್ಮ ಸುನಿಲ್ ಕುಮಾರ್ ದೇಸಾಯಿ ಅದನ್ನು ಮರೆತವರಲ್ಲ. ಶಂಕರ್ ನಾಗ್, ದೇವರಾಜ್, ವನಿತಾ ವಾಸು ಅಭಿನಯಿಸಿದ ಅವರ 'ತರ್ಕ' 1989ರಲ್ಲಿ ಬಂದಾಗ, ಹಾಡೇ ಇಲ್ಲದ ಕನ್ನಡ ಸಿನಿಮಾ ಓಡುತ್ತದೆಯೇ ಎಂದು ನಕ್ಕವರನ್ನು ನಾನೇ ಬಲ್ಲೆ. ಓಡಿತು, ತಮಿಳಿಗೂ ಹೋಯಿತು. ನಮ್ಮ ಚಿತ್ರಗಳಲ್ಲಿ ಹಾಡು ಬಂತೆಂದರೆ ಭಯಕ್ಕೆ ರಜೆ. ಹಿಂದಿನ ದೃಶ್ಯದಲ್ಲಿ ಕಿರುಚಿದ ನಾಯಕಿ ಹೂತೋಟದಲ್ಲಿ ಸೀರೆ ಬದಲಿಸಿ ನಿಂತಿರುತ್ತಾಳೆ. 'ತರ್ಕ'ದಲ್ಲಿ ಹಾಗೆ ಉಸಿರು ಬಿಡಲು ಕಿಟಕಿಯೇ ಇಲ್ಲ.

'ಕೌನ್' ಬಂದ ವರ್ಷವೇ ಬಂದದ್ದು ಅಮೆರಿಕದ 'ಬ್ಲೇರ್ ವಿಚ್ ಪ್ರಾಜೆಕ್ಟ್'. ಮೇರಿಲ್ಯಾಂಡಿನ ಕಾಡಿನಲ್ಲಿ ದಾರಿ ತಪ್ಪಿದ ಮೂವರು ತರುಣರು, ಕ್ಯಾಮೆರಾ ನಟರ ಕೈಯಲ್ಲೇ. ಮಾಟಗಾತಿಯನ್ನು ಕೊನೆಯವರೆಗೂ ತೋರಿಸುವುದಿಲ್ಲ. ಆ ಅಲುಗಾಡುವ ಕ್ಯಾಮೆರಾಕ್ಕೆ ನನಗೆ ತಲೆನೋವು ಬಂದದ್ದು ನಿಜ. ಆದರೆ ನಡುರಾತ್ರಿ ಗುಡಾರದ ಹೊರಗೆ ಮಕ್ಕಳ ದನಿ ಕೇಳುವ ದೃಶ್ಯದಲ್ಲಿ ಎದ್ದು ದೀಪ ಹಾಕಿದೆ. ಮೂವತ್ತು ವರ್ಷಗಳಿಂದ ದಿನವಿಡೀ ಕೇಳಿದ ಸದ್ದು ಅದು. ಬಯಲಿನಲ್ಲಿ ಹನ್ನೊಂದು ಗಂಟೆಗೆ ಕೇಳಿದರೆ ಜೀವಕ್ಕೆ ಹಿತ. ಅದೇ ಸದ್ದು, ಹೊತ್ತು ಮಾತ್ರ ತಪ್ಪಿದೆ.

ಇದಕ್ಕಿಂತಲೂ ಕಡಿಮೆ ಖರ್ಚಿನ ಭಯವೊಂದನ್ನು ನಾನು ಕಂಡಿದ್ದೇನೆ. ತೊಂಬತ್ತರ ದಶಕದ ಮೊದಲಲ್ಲಿ ಬಿ.ಎಡ್. ಓದಲು ಬೆಂಗಳೂರಿನ ಚಿಕ್ಕಮ್ಮನ ಮನೆಯಲ್ಲಿದ್ದೆ. ಬೀದಿಯ ಬಾಗಿಲುಗಳ ಮೇಲೆಲ್ಲ 'ನಾಳೆ ಬಾ' ಎಂಬ ಬರಹ. ರಾತ್ರಿ ಒಬ್ಬ ದೆವ್ವದ ಹೆಂಗಸು ಬಂದು ಮನೆಯವರದೇ ದನಿಯಲ್ಲಿ ಕರೆಯುತ್ತಾಳಂತೆ, ಬಾಗಿಲು ತೆಗೆದವರು ಉಳಿಯುವುದಿಲ್ಲವಂತೆ. ಬರಹ ಓದಿ ಹಿಂತಿರುಗುತ್ತಾಳೆ, ನಾಳೆ ಬಂದು ಮತ್ತೆ ಅದನ್ನೇ ಓದುತ್ತಾಳೆ. ಪದವೀಧರೆಯಾದ ನಾನೇ ಚಿಕ್ಕಮ್ಮನ ಬಾಗಿಲಿಗೆ ಸೀಮೆಸುಣ್ಣದಲ್ಲಿ ಬರೆದುಕೊಟ್ಟೆ, ಅಕ್ಷರ ದುಂಡಗಿರಲಿ ಎಂದು ಎರಡು ಸಲ ತಿದ್ದಿದೆ. ಆಮೇಲೆ 2018ರಲ್ಲಿ 'ಸ್ತ್ರೀ' ಎಂಬ ಹಿಂದಿ ಚಿತ್ರದಲ್ಲಿ ಗೋಡೆಗಳ ಮೇಲೆ ಇಂಥದೇ ಬರಹ ನೋಡಿ ನಕ್ಕೆ. ಚಿಕ್ಕಮ್ಮನ ಮನೆಯಲ್ಲಿ ನಕ್ಕಿರಲಿಲ್ಲ. ಆ ಕಥೆಯ ವಿಷ ದೆವ್ವದಲ್ಲಿ ಇರಲಿಲ್ಲ, ದನಿಯಲ್ಲಿತ್ತು. ಹೊರಗೆ ಅಮ್ಮ ಕರೆದರೂ ಬಾಗಿಲು ತೆಗೆಯಬಾರದು!

ಇನ್ನು 'ಕೌನ್' ಚಿತ್ರದ ಕೊನೆಯ ಮಾತು. ನೋಡದವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಬಹುದು. ಕೊಲೆಗಾರ ಹೊರಗಿನಿಂದ ಬಂದವನಲ್ಲ. ಅಷ್ಟು ಹೊತ್ತು ನಡುಗಿದವಳೇ ಕೊಲೆಗಾರಳು. ಮೊದಲ ಸಲ ನನಗೆ ಮೋಸವಾಯಿತು ಎನ್ನಿಸಿ ಸಿಟ್ಟು ಬಂದಿತ್ತು. ನಮ್ಮ ಭಯವನ್ನು ಕಡ ತೆಗೆದುಕೊಂಡು, ಕೊನೆಗೆ 'ಇದು ನಾಟಕ' ಎಂದರೆ? ಹೆದರಿದ ಹೆಂಗಸನ್ನು ನಂಬದಿರಲು ಜನಕ್ಕೆ ಕಾರಣಗಳು ಕಡಿಮೆಯೇ? ಇನ್ನೊಮ್ಮೆ ನೋಡಿದಾಗ ಸಿಟ್ಟು ಅಷ್ಟು ಉಳಿಯಲಿಲ್ಲ. ಊರ್ಮಿಳಾ ಆ ಭಯವನ್ನು ನಾಟಕವಾಗಿ ಆಡಿಲ್ಲ. ಅವಳು ನಿಜಕ್ಕೂ ಹೆದರಿದ್ದಾಳೆ, ಹೆದರಿಕೆಯೇ ಅವಳನ್ನು ಅಲ್ಲಿಗೆ ಒಯ್ದಿದೆ. ಹಾಗೆ ಓದಿದರೆ ಚಿತ್ರ ನಿಲ್ಲುತ್ತದೆ. ಆದರೂ ಆ ಮೊದಲ ಸಿಟ್ಟನ್ನು ನಾನು ಪೂರ್ತಿ ಬಿಟ್ಟುಕೊಟ್ಟಿಲ್ಲ.

ನಮ್ಮವರು ತೀರಿಕೊಂಡು ಆರು ವರ್ಷವಾಯಿತು. ಅವರ ಚಪ್ಪಲಿ ಇನ್ನೂ ಬಾಗಿಲ ಹೊರಗಿದೆ. ನೋಡಿದವರು ಪ್ರೀತಿ ಎಂದುಕೊಳ್ಳುತ್ತಾರೆ. ಪ್ರೀತಿಯೂ ಇದೆ. ಆದರೆ ಎರಡು ದಿನಕ್ಕೊಮ್ಮೆ ಧೂಳು ಕೊಡವಿ, ಈಗ ತಾನೇ ಬಿಟ್ಟು ಒಳಗೆ ಹೋದಂತೆ ಸ್ವಲ್ಪ ಓರೆಯಾಗಿ ಇಡುವುದು ಪ್ರೀತಿಗಲ್ಲ, ಬಾಗಿಲಿಗೆ ಬಂದವರು ನೋಡಲಿ ಎಂದು. ನಮ್ಮ ಬೀದಿಯಲ್ಲೇ ಇಂಥ ಚಪ್ಪಲಿ ಇನ್ನೂ ಎರಡು ಮನೆಯ ಮುಂದಿವೆ. ನಾವು ಯಾರೂ ಅದರ ಮಾತೆತ್ತುವುದಿಲ್ಲ.

ವಿಜ್ಞಾನದ ಟೀಚರಿಗೆ 'ಕೌನ್' ನೋಡು ಎಂದಿದ್ದೆ. ಮುಂದಿನ ವಾರ ರಾತ್ರಿ ಹನ್ನೊಂದಕ್ಕೆ ಫೋನು ಬಂತು. "ಮೇಡಂ, ಮಲಗಿದ್ರಾ? ಇವರಿಗೆ ಇವತ್ತು ನೈಟ್ ಡ್ಯೂಟಿ. ಅರ್ಧಕ್ಕೇ ನಿಲ್ಲಿಸಿಬಿಟ್ಟಿದೀನಿ. ಅವಳು ಬಾಗಿಲು ತೆಗೀತಾಳಾ?"

"ತೆಗೀತಾಳೆ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಫೋನ್ ಇಡಬೇಡಿ ಮೇಡಂ, ನಾಳೆ ಬೆಳಿಗ್ಗೆ ತಿಂಡಿ ಏನು ಮಾಡ್ತೀರಿ, ಹೇಳಿ" ಎಂದಳು.